ಆಳ ಹೆಚ್ಚಾದ ಕನ್ನಡಿ

ಮಗಳೇ,

ನಿನ್ನ ಕಾಗದ ತಲುಪಿತು. ಅಮ್ಮ ಹೋದ ಮೇಲೆ ಒಮ್ಮೆಯಾದರೂ ಅಳು ಬಂತಾ ಎಂದು ಕೇಳಿದ್ದೀಯ. ಇಲ್ಲ. ಹಸಿವೂ ಸರಿಯಾಗಿ ಗೊತ್ತಾಗುತ್ತಿಲ್ಲ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾವು ಆರು ಜನ ಸೇರಿ ಟೆಲಿಸ್ಕೋಪಿಗೆ ಕನ್ನಡಿ ಮಾಡುತ್ತಿರುವುದು ನಿನಗೆ ಗೊತ್ತಲ್ಲ. ಕೆಳಗೊಂದು ಗಾಜು, ಮೇಲೊಂದು ಗಾಜು, ನಡುವೆ ನೀರು ಬೆರೆಸಿದ ಒರಟು ಪುಡಿ. ಉಜ್ಜಿದಷ್ಟೂ ಮೇಲಿನ ಗಾಜು ಬಟ್ಟಲಿನಂತೆ ಗುಳಿ ಬೀಳುತ್ತದೆ; ಅದೇ ಕೊನೆಗೆ ಕನ್ನಡಿಯಾಗುವುದು. ಮೂರು ವಾರದಿಂದ ಎಲ್ಲರ ಪಾಳಿಯಲ್ಲೂ ನಾನೇ ಕೂತು ಉಜ್ಜಿದೆ. ಯಾರೂ ಬೇಡವೆನ್ನಲಿಲ್ಲ.

ನಿನ್ನೆ ಅಳತೆ ನೋಡಿದೆ. ಗುಳಿ ಬೇಕಾದದ್ದಕ್ಕಿಂತ ಎಷ್ಟೋ ಆಳವಾಗಿತ್ತು.

"ನಿಮಗ್ಯಾರಿಗೂ ಗೊತ್ತಾಗ್ಲಿಲ್ವಾ?" ಎಂದೆ.

"ಹತ್ತು ದಿನದ ಹಿಂದೇನೇ ಗೊತ್ತಾಯ್ತು," ಎಂದಳು ನಮ್ಮ ಆರು ಜನರಲ್ಲಿ ಬಟ್ಟೆ ಹೊಲಿಯುವಾಕೆ. "ಸಾಕು ನಿಲ್ಸಿ ಅನ್ನೋಕೆ ನಮಗ್ಯಾರಿಗೂ ಬಾಯಿ ಬರ್ಲಿಲ್ಲ, ಅಣ್ಣಾ."

"ಗಾಜು ಹಾಳಾಯ್ತಲ್ಲಮ್ಮಾ."

ಅಂಚೆ ಕಚೇರಿಯಿಂದ ನಿವೃತ್ತರಾದವರು ಪುಡಿಯ ಡಬ್ಬಿ ತೆಗೆದರು. "ಹಾಳೇನಿಲ್ಲ ರೀ. ಮೇಲಿಂದು ಕೆಳಗೆ ಮಾಡಿ ಉಜ್ಜಿದ್ರೆ ಆಳ ಕಮ್ಮಿ ಆಗುತ್ತೆ. ನಿಧಾನ ಆಗುತ್ತೆ, ಅಷ್ಟೇ. ಈ ಸಲ ಮಾತ್ರ ಪಾಳಿ ಪ್ರಕಾರ."

ಗಾಜುಗಳನ್ನು ಅದಲುಬದಲು ಮಾಡಿ ಮೊದಲ ಪಾಳಿಗೆ ಅವರೇ ಕೂತರು. ನನ್ನದು ಬುಧವಾರ ಮಾತ್ರ. ಉಳಿದ ಸಂಜೆಗಳಲ್ಲಿ ಇನ್ನು ಮನೆಯಲ್ಲೇ ಇರುತ್ತೇನೆ.

ಇಷ್ಟು ದಿನ ಹೋಟೆಲಿನಲ್ಲಿ ಉಂಡೆ. ಒಬ್ಬರಿಗೆಂದರೆ ಎಷ್ಟು ಅಕ್ಕಿ, ಎಷ್ಟು ನೀರು ಇಡಬೇಕು, ಬರೆದು ಕಳಿಸು.

ಇಂತಿ,
ನಿನ್ನ ಅಪ್ಪ