ತಳ್ಳಲಾರದ ಕರುಳು

ಮಾರನಹಳ್ಳಿ
೯-೩-೧೯೯೯, ಮಂಗಳವಾರ

ನನ್ನ ಮುದ್ದಿನ ಮಗಳು ಜಗದಾಂಬಳಿಗೆ,

ಮೈ ಹೇಗಿದೆಯಮ್ಮ? ಹಸಿ ಬಾಣಂತಿ ನೀನು, ಆಸ್ಪತ್ರೆ ಮೊಗಸಾಲೆಯ ತಣ್ಣನೆ ನೆಲದ ಮೇಲೆ ಮಲಗುತ್ತೀಯೆಂದು ನಿನ್ನ ತಮ್ಮ ಮೋಹನ್ ಹೇಳಿದ. ಕಿವಿಗೆ ಹತ್ತಿ ಇಟ್ಟುಕೋ, ಸೊಂಟಕ್ಕೆ ಬಟ್ಟೆ ಬಿಗಿದುಕೋ. ಫೋನ್ ಮಾಡೋಣವೆಂದರೆ ಎಸ್.ಟಿ.ಡಿ. ಬೂತು ಬಸ್‌ಸ್ಟಾಂಡಿನಲ್ಲಿದೆ, ನನ್ನ ಗಂಟಲು ನಿನಗೆ ಗೊತ್ತಲ್ಲ, ಘಾಟಿ ಇಳಿಯುವ ಲಾರಿಯವರೂ ನಿಂತು ಕೇಳಿಯಾರು! ಅದಕ್ಕೇ ಮೋಹನ್ ಕೈಯಲ್ಲಿ ಈ ಕಾಗದ. ಅಂಟು ಬಿಚ್ಚಿದ ಗುರುತಿದ್ದರೆ ನಿನ್ನ ಅತ್ತೆಯ ಕೈ ನೋಡು.

ಹದಿನೆಂಟು ದಿನದ ಕೂಸು. ಹೊಟ್ಟೆ ತಮಟೆಯ ಹಾಗೆ ಬಿಗಿದಿದೆ, ಕುಡಿದ ಹಾಲು ಹಸಿರಾಗಿ ವಾಂತಿಯಾಗುತ್ತದೆ, ನಳಿಗೆ ಹಾಕದೆ ಉಚ್ಚೆ ಇಲ್ಲ. ಒಮ್ಮೆ ಹೊಟ್ಟೆ ಕೊಯ್ದು ನೋಡಿದರಂತೆ; ಎಲ್ಲೂ ಗಂಟಿಲ್ಲ, ಅಡ್ಡವಿಲ್ಲ. ಆದರೂ ಗುರುವಾರ ಮತ್ತೆ ಕೊಯ್ದು ಹುಡುಕುತ್ತಾರಂತೆ! ಏನಾಶ್ಚರ್ಯ! ಕೋಟೆಯ ಬಾಗಿಲು ತೆರೆದಿದೆ, ಕಾವಲಿನವನಿಲ್ಲ, ಒಳಗಿರುವವನು ಮಾತ್ರ ಹೊರಗೆ ಬರಲೊಲ್ಲ! ನಲವತ್ತು ವರ್ಷ ರಾಜಪಾರ್ಟು ಮಾಡಿದ ನನಗೆ ಸಂಚಿನ ವಾಸನೆ ಬಡಿಯದೆ ಇದ್ದೀತೆ?

ಹೆರಿಗೆಯಾದ ದಿನವೇ ನಿನ್ನ ಅತ್ತೆ ಹೊಂಗಡಹಳ್ಳದಿಂದ ಬಂದು ಕೂಸಿನ ಹತ್ತಿರ ಒಬ್ಬಳೇ ಕೂತಿದ್ದಳು. ಸೆರಗಿನಲ್ಲಿ ಒಂದು ಗಂಟು. ಏನದು ಎಂದರೆ “ಬೆಳ್ಳುಳ್ಳಿ ಕಣ್ರೀ ಬೀಗ್ರೆ, ಬಾಣಂತಿ ಸಾರಿಗೆ” ಅಂದಳು. ಬೆಳ್ಳುಳ್ಳಿಯನ್ನು ಚಿನ್ನದ ಹಾಗೆ ಗಂಟು ಹಾಕಿಕೊಂಡು ಬರುವವರುಂಟೆ? ಈಗ ಅವಳೇ ಊರೆಲ್ಲ “ಹೆಣ್ಣಿನ ಕಡೇದೇ ಏನೋ ಐಬು ಐತೆ” ಅಂತ ಹೇಳಿಕೊಂಡು ತಿರುಗುತ್ತಿದ್ದಾಳೆ. ಕಳ್ಳಿ!

ಆ ಡಾಕ್ಟರಮ್ಮನ ಮೇಲೂ ನನಗೆ ಗುಮಾನಿ. ಕರುಳಿನ ಗೋಡೆಯಲ್ಲಿ, ಮೂತ್ರಚೀಲದ ಗೋಡೆಯಲ್ಲಿ, ತಾನಾಗಿ ಹಿಂಡಿ ತಳ್ಳುವ ಸ್ನಾಯು ಇರುತ್ತದಂತೆ. ತುಂಬಾ ಅಪರೂಪಕ್ಕೆ ಅದು ಹುಟ್ಟುವಾಗಲೇ ಕೈಲಾಗದ್ದಾಗಿರುತ್ತದಂತೆ, ಕೆಲವು ಮನೆತನಗಳಲ್ಲಿ ಹರಿದು ಬರುತ್ತದಂತೆ. ಹಾಗಿದ್ದರೆ ಮತ್ತೆ ಕೊಯ್ಯುವುದೇ ಬೇಡ, ರಕ್ತನಾಳದ ಮೂಲಕ ಆಹಾರ ಕೊಟ್ಟು ನೋಡೋಣ, ನಿಮ್ಮಲ್ಲಿ ಯಾರಿಗಾದರೂ ಉಂಟೇ ಎಂದು ಕೇಳಿದರಂತೆ. ಮೋಹನ್ ಎದೆ ತಟ್ಟಿ “ಯಾರಿಗೂ ಇಲ್ಲ” ಅಂದು ಬಂದ. ಭೇಷ್! ನಮ್ಮ ವಂಶಕ್ಕೇ ಮಸಿ ಬಳಿಯುವ ಪ್ರಶ್ನೆ!

ನಿನಗಿಂತ ಮೊದಲು ಹುಟ್ಟಿದ ಗಂಡುಕೂಸು ಆರನೇ ದಿನ ಹೊಟ್ಟೆ ಉಬ್ಬಿ ಹೋಯಿತಲ್ಲ, ಅದೇನು ಮನೆತನದ ರೋಗವೆ? ಸೂಲಗಿತ್ತಿ ಚೌಡಮ್ಮ ತೇಯ್ದು ನೆಕ್ಕಿಸಿದ ಬಜೆ! ಆ ವರ್ಷದ ನಾಟಕದಲ್ಲಿ, ಕಿರೀಟ ತೊಟ್ಟೇ, ಇಡೀ ಊರಿನ ಮುಂದೆ ಅವಳ ಹೆಸರು ಹಿಡಿದು ಕೂಗಿದೆ. ಒಂದು ಮಾತೂ ಆಡದೆ ತಲೆ ಬಗ್ಗಿಸಿ ನಿಂತಿದ್ದಳು. ವಾರದೊಳಗೆ ಊರು ಬಿಟ್ಟು ಬಿಸಿಲೆ ಕಡೆಗೆ ಹೋಗ್ಬುಟ್ಟಳು. ತಪ್ಪಿಲ್ಲದವರು ಹಾಗೆ ಹೋಗುತ್ತಾರೆಯೆ? ಈಗಲೂ ಅಂಥದೇ ಒಂದು ಕೈ ಆಡಿದೆ. ಅದು ಯಾರದೆಂದು ಪತ್ತೆ ಮಾಡದೆ ಬಿಡೆನು!

ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಮಡಿಲು ಕಾಯಲಿ. ಅಳಿಯಂದಿರಿಗೆ ನನ್ನ ಶರಣು ಹೇಳು.

ನಿನ್ನ ಅಪ್ಪ,
ರುದ್ರಯ್ಯ

ತಾ.ಕ.: ಮಗಳೇ, ಮೇಲೆ ಬರೆದದ್ದನ್ನು ನಂಬಬೇಡ. ಎಂದಿನಂತೆ ನಿನ್ನ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಚೌಡಮ್ಮನ ಹೆಸರು ಬಂದದ್ದೇ “ಸಾಕು ಸುಮ್ಕಿರಿ” ಅಂದಳು. “ಆ ಗಂಡುಕೂಸು ಹುಟ್ದಾಗ್ಲೇ ಹೊಟ್ಟೆ ಹಂಗೇ ಇತ್ತು. ನಂಗೂ ಚಿಕ್ಕಂದಿಂದ ಹಂಗೇ ಐತೆ, ಹೊಟ್ಟೆ ಅದುಮ್ಕೊಂಡು ಕೂತ್ರೂ ಉಚ್ಚೆ ಪೂರ್ತಿ ಬರಾಕಿಲ್ಲ. ಗಂಡಸ್ರತ್ರ ಏನಂತ ಹೇಳ್ಲಿ?” ಚೌಡಮ್ಮನಿಗೆ ಇದು ಗೊತ್ತಿತ್ತಂತೆ. ಯಾರಿಗೂ ಹೇಳಬಾರದೆಂದು ನಿನ್ನ ಅವ್ವನೇ ಆಣೆ ಹಾಕಿಸಿಕೊಂಡಿದ್ದಳಂತೆ. ನಿನಗೂ ಹಾಗೆಯೇ ಆಗುತ್ತದಂತೆ, ಅವ್ವನಿಗೆ ಮಾತ್ರ ಹೇಳಿದ್ದೀಯಂತೆ. ಮೋಹನ್ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ಗುರುವಾರ ಕತ್ತರಿ ಎತ್ತುವ ಮೊದಲು ಡಾಕ್ಟರಮ್ಮನಿಗೆ ಎಲ್ಲ ಹೇಳು, ಏನನ್ನೂ ಮುಚ್ಚಬೇಡ. ಅತ್ತೆ ಪಕ್ಕದಲ್ಲೇ ನಿಂತಿದ್ದರೂ ಹೇಳು. ನಮ್ಮ ಕಡೆಯಿಂದಲೇ ಬಂದದ್ದು ಅಂತ ಹೇಳು.