ಮರ್ವಿನ್‌ನ ಐದು ಬೆರಳು

ಅಪ್ಪಾ,

ಟೌನ್ಸ್‌ವಿಲ್‌ನ ಸೆಕೆಗೆ ನಾನಿನ್ನೂ ಕರಗಿಲ್ಲ. ವಿಮಾನದ ಚಕ್ರ ಹೊರುವ ಉಕ್ಕಿನ ಕಾಲೊಂದನ್ನು ಉಜ್ಜಿ, ಮೈ ತರಿತರಿ ಮಾಡಿ, ಸವೆಯದ ಹಾಗೆ ಸಿಂಪಡಿಸೋ ಕಾರ್ಬೈಡ್ ಲೇಪಕ್ಕೆ ಸಿದ್ಧ ಮಾಡಿದ್ದೆ. ಮೇಸ್ತ್ರಿ ಮರ್ವಿನ್ "ಒಳ್ಳೇದಾಗ್ಲಿ ಕಣಮ್ಮಾ" ಅಂತ ಅದನ್ನು ಬರಿಗೈಲಿ ತಟ್ಟಿಬಿಟ್ಟ!

"ಕೈ ಜಿಡ್ಡಿಗೆ ಲೇಪ ಹಿಡಿಯಲ್ಲ, ಮತ್ತೆ ಮೊದಲಿಂದ ಮಾಡ್ಬೇಕು" ಅಂದೆ.

"ನಿನ್ನೆ ಮೊನ್ನೆ ಬಂದೋಳು, ನಂಗೇ ಹೇಳ್ತೀಯಾ?"

ಹಾಗೇ ಸಿದ್ಧ ಮಾಡಿದ ಒಂದು ತಗಡಿನ ಮೇಲೆ ಅವನ ಐದೂ ಬೆರಳು ಒತ್ತಿಸಿ, ಲೇಪ ಸಿಂಪಡಿಸಿ, ಎಲ್ಲರೆದುರು ತಗಡನ್ನು ಬಗ್ಗಿಸಿದೆ. ಐದು ಬೆರಳಿನ ಜಾಗವಷ್ಟೇ ಚಕ್ಕೆ ಎದ್ದಿತು, ಉಳಿದದ್ದು ಜಪ್ಪಯ್ಯ ಅಂದ್ರೂ ಬಿಡಲಿಲ್ಲ. ಮರ್ವಿನ್ ಕೈಗವಸು ತೊಟ್ಟು ಆ ವಿಮಾನದ ಕಾಲನ್ನು ತಾನೇ ತೊಳೆದ.

ನಲವತ್ತು ವರ್ಷ ಲೋಹಕ್ಕೆ ಕ್ರೋಮ್ ಲೇಪ ಹಾಕಿದ ನೀನು "ಸಿಂಪಡಿಸಿದ್ದು ಬರೀ ಬಣ್ಣ" ಅಂತಿದ್ದೆಯಲ್ಲ, ನೀನೇ ಬಗ್ಗಿಸಿ ನೋಡೋಕೆ ಆ ತಗಡು ತರ್ತೀನಿ. ಮಂಡಿಗೆ ಮುಲಾಮು ಕಳಿಸಿದ್ದೀನಿ, ಹಚ್ಕೋ.

ನಾನು ಬಂದಾಗ ಬೆನ್ನು ತಟ್ಟು. ಅದಕ್ಕೆ ಕೈಗವಸು ಬೇಡ.

ಬ್ರಾನಿ