ಒರೆಸು ಹಲಗೆಯನ್ನು ಹಿಂದಿರುಗಿಸುವ ಮೊದಲು

ಆಧುನಿಕ ಕಲಾ ಸಂಗ್ರಹಾಲಯದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕೆಳಮಹಡಿಯಲ್ಲಿ ನಡೆಯುತ್ತಿರುವ ‘ದುಡಿಯುವ ಕೈಗಳು’ ಎಂಬ ತಾತ್ಕಾಲಿಕ ಪ್ರದರ್ಶನ ಬರುವ ವಾರ ಮುಗಿಯುತ್ತದೆ. ಅದರ ಮರುದಿನ, ನಮ್ಮ ಅಂಗಡಿಯಿಂದ ಒಯ್ದ ಒಂದು ಹಲಗೆಯನ್ನು ನಿಮ್ಮ ಗಾಡಿ ತಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋಗುತ್ತದೆ. ಇದಕ್ಕೆ ನನ್ನ ಆಕ್ಷೇಪವಿದೆ. ಒಯ್ದದ್ದನ್ನು ಹಿಂದಿರುಗಿಸಿದರೂ ತಕರಾರೇ ಎಂದು ನೀವು ಹುಬ್ಬೇರಿಸಬಹುದು. ಒಯ್ಯುವಾಗ ಅದು ಬ್ರಶ್ ಒರೆಸುವ ಹಲಗೆಯಾಗಿತ್ತು. ಈಗ ಏನಾಗಿದೆ ಎಂದು ನೀವು ಹೇಳುತ್ತಿಲ್ಲ. ಅದರ ಮೇಲೆ ಇನ್ನು ಬ್ರಶ್ ಒರೆಸಬಹುದೋ ಬಾರದೋ ಎಂದು ನನ್ನ ಅಕ್ಕ ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದಳು. ಆ ಕಡೆಯವರು ಮೊದಲು ನಕ್ಕರು. ಆಮೇಲೆ ಯಾರನ್ನೋ ಕೇಳಿಕೊಂಡು ಬಂದು, “ಅದು ನಿಮ್ಮಿಷ್ಟ ಮೇಡಂ” ಅಂದರು. ಇಷ್ಟು ದಿನ ನಿಮ್ಮಿಷ್ಟದಂತೆ ತೂಗಾಡಿದ್ದು ಈಗ ದಿಢೀರನೆ ನಮ್ಮಿಷ್ಟವಾದದ್ದು ಹೇಗೆ? ಫೋನಿನಲ್ಲಿ ಸಿಗದ ಉತ್ತರ ಪತ್ರಿಕೆಯ ಮೂಲಕವಾದರೂ ಸಿಕ್ಕೀತೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಇದನ್ನು ಓದಿ ನಿಮ್ಮ ಸಿಬ್ಬಂದಿಯಲ್ಲಿ ಯಾರಾದರೂ “ಪಾಪ, ಹೊಟ್ಟೆಕಿಚ್ಚು” ಅನ್ನುತ್ತಾರೆ. ಅವರಿಗೆ ಆ ಶ್ರಮ ಬೇಡ, ನಾನೇ ಹೇಳಿಬಿಡುತ್ತೇನೆ. ಹೌದು, ಹೊಟ್ಟೆಕಿಚ್ಚು. ಅದೂ ಒಂದು ಹಲಗೆಯ ಮೇಲೆ. ನಾನು ಹತ್ತನೆಯ ತರಗತಿಯ ನಂತರ ಓದಿದ್ದೆಲ್ಲ ಕರಪತ್ರಗಳು, ಕಿರುಹೊತ್ತಿಗೆಗಳು. ಶೋಷಣೆಯ ಬಗ್ಗೆ, ಸಂಘಟನೆಯ ಬಗ್ಗೆ, ಇಡೀ ಜಗತ್ತಿನ ದುಡಿಯುವವರು ಒಂದಾಗುವ ಬಗ್ಗೆ ಅವುಗಳಲ್ಲಿ ಬೇಕಾದಷ್ಟಿದೆ. ಒಂದೇ ಅಂಗಡಿಯಲ್ಲಿ, ಒಂದೇ ಸ್ಟೂಲಿನ ಮೇಲೆ ಪಾಳಿಯಲ್ಲಿ ಕೂರುವ ಅಕ್ಕತಮ್ಮಂದಿರಲ್ಲಿ ಒಬ್ಬರಿಗೆ ಹಾರ ಬಿದ್ದರೆ ಇನ್ನೊಬ್ಬರು ಮುಖ ಎಲ್ಲಿಟ್ಟುಕೊಳ್ಳಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾಗಿ ಈ ವಿಷಯದಲ್ಲಿ ನನಗೆ ಗುರುವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೊಟ್ಟೆಯಲ್ಲಂತೂ ಜಾಗವಿಲ್ಲ.

ನಮ್ಮದು ಬೋರ್ಡ್ ಬರೆಯುವ ಅಂಗಡಿ. ಅಪ್ಪ ಶುರು ಮಾಡಿದ್ದು. ಅವರ ಕಣ್ಣು ಮಂಜಾದ ಮೇಲೆ ಅಕ್ಕ ಬರೆಯುತ್ತಾಳೆ, ನಾನು ಗೆರೆ ಹಾಕಿ ಬಣ್ಣ ತುಂಬುತ್ತೇನೆ. ಔಷಧದಂಗಡಿ, ಹಲ್ಲಿನ ಆಸ್ಪತ್ರೆ, ಇಸ್ತ್ರಿಯಂಗಡಿ, ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ — ನಿಮ್ಮ ಸಂಗ್ರಹಾಲಯದ ಗೇಟಿನ ಪಕ್ಕದಲ್ಲಿರುವ ‘ಮೌನವಾಗಿರಿ’ ಕೂಡ ನಮ್ಮದೇ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಬ್ರಶ್ಶಿನಲ್ಲಿ ಉಳಿದದ್ದನ್ನು ಎಲ್ಲಾದರೂ ಒರೆಸಬೇಕು. ಅದಕ್ಕೆಂದು ಅಪ್ಪ ಹಳೇ ಬಾಗಿಲೊಂದರ ಅರ್ಧವನ್ನು ಮೇಜಿನ ಪಕ್ಕ ಮೊಳೆಗೆ ತೂಗುಹಾಕಿದ್ದರು. ಅದೇ ಒರೆಸು ಹಲಗೆ. ಅಪ್ಪ ಒರೆಸಿದರು, ಅಕ್ಕ ಒರೆಸಿದಳು, ನಾನೂ ಒರೆಸಿದೆ. ವರ್ಷಾನುಗಟ್ಟಲೆ ಪದರದ ಮೇಲೆ ಪದರ ಕೂತು ಅದು ಮೊಸಳೆಯ ಬೆನ್ನಿನಂತಾಗಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು, ಒರೆಸುತ್ತಿತ್ತು, ಬರುತ್ತಿತ್ತು.

ನೀವು ‘ದುಡಿಯುವ ಕೈಗಳು’ ಪ್ರದರ್ಶನಕ್ಕೆ ಕೆಲಸಗಾರರಿಂದ ಕೃತಿಗಳನ್ನು ಆಹ್ವಾನಿಸಿದಿರಿ. ಆ ಪ್ರಕಟಣೆ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಅದಾಗಲೇ ನನ್ನ ಒಂದು ಚಿತ್ರ ತಯಾರಿತ್ತು. ಎರಡು ತಗಡಿನ ಹಾಳೆ ಜೋಡಿಸಿ, ಒಂದಿಡೀ ವರ್ಷ ಬಿಡುವಿನಲ್ಲಿ ಬರೆದದ್ದು. ಹೆಸರು ‘ಎದ್ದು ನಿಂತವರು’. ಅದರಲ್ಲಿ ಎತ್ತಿದ ಮುಷ್ಟಿಗಳಿವೆ, ಹರಿದ ಸರಪಳಿಯಿದೆ, ಹಿಂದೆ ಕೆಂಪು ಬೆಳಗು. ಅಕ್ಕ ನೋಡಿ, “ಚೆನ್ನಾಗಿದೆ ಕಣೋ. ಆದ್ರೆ ಎಲ್ಲರ ಮುಖವೂ ನಿಂದೇ ಆಗಿದೆಯಲ್ಲೋ” ಅಂದಿದ್ದಳು. ಚಿತ್ರ ಆಟೋದಲ್ಲಿ ಹಿಡಿಸುವುದಿಲ್ಲ ಎಂದು ನಾನು ನಿಮ್ಮ ಕಚೇರಿಗೆ ತಿಳಿಸಿದಾಗ, ಪ್ರದರ್ಶನಕ್ಕೆ ಆಯ್ಕೆ ಮಾಡುವ ನಿಮ್ಮ ಅಧಿಕಾರಿಣಿ ತಾವೇ ಅಂಗಡಿಗೆ ಬಂದರು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಚಪ್ಪಲಿ ಕಳಚಬೇಕೇ ಎಂದು ಕೇಳಿದರು. ಬೋರ್ಡಂಗಡಿಯಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ.

ನನ್ನ ಚಿತ್ರದ ಮುಂದೆ ನಿಂತು ಅವರು, “ತುಂಬಾ ಶಕ್ತಿ ಇದೆ” ಅಂದರು. ಮಾನ್ಯರೇ, ಹೆಣ್ಣು ನೋಡಲು ಬಂದವರು “ಹುಡುಗಿ ತುಂಬಾ ಗುಣವಂತೆ” ಅನ್ನುವ ದನಿ ಅದು. ಆಮೇಲೆ ನೀರು ಕುಡಿಯಲು ತಿರುಗಿದವರು ಲೋಟ ಹಿಡಿದುಕೊಂಡೇ ನಿಂತುಬಿಟ್ಟರು.

“ಇದು ಯಾರದು?”

“ಅದಾ?” ಅಂದಳು ಅಕ್ಕ. “ಅದು ಬ್ರಶ್ ಒರೆಸೋದು ಮೇಡಂ. ಹುಷಾರು, ಸೀರೆಗೆ ಬಣ್ಣ ಆಗುತ್ತೆ.”

“ಅಲ್ಲ, ಇದನ್ನ ಮಾಡಿದ್ದು ಯಾರು?”

“ಯಾರೂ ಮಾಡಿಲ್ಲ. ಅದರಷ್ಟಕ್ಕೆ ಅದು ಆಗಿದೆ.”

ಆ ಉತ್ತರ ಕೇಳಿ ಅವರ ಕಣ್ಣಲ್ಲಿ ನೀರಾಡಿತು. ನನ್ನ ಹರಿದ ಸರಪಳಿಗೆ ಆಡದ ನೀರು! ಅಪ್ಪ ಮೂಲೆಯಿಂದ, “ಏನಂತೆ? ಚಿತ್ರ ತಗೊಂಡ್ರಾ?” ಅಂದರು. ಅಕ್ಕ, “ಇಲ್ಲಪ್ಪ, ಹಲಗೆ ಕೇಳ್ತಿದಾರೆ” ಅಂದಳು. “ಕೊಡು, ಹಳೇದು. ನಾಳೆ ಬೇರೆ ಹಾಕ್ಕೊಂಡ್ರಾಯ್ತು” ಅಂದರು ಅಪ್ಪ. ಅಲ್ಲಿಗೆ ಮುಗಿಯಿತು. ಎರಡು ದಿನ ಬಿಟ್ಟು ನಿಮ್ಮವರು ಬಿಳಿ ಕೈಗವಸು ಹಾಕಿಕೊಂಡು ಬಂದು, ಹಲಗೆಗೆ ಮೆತ್ತನೆಯ ಬಟ್ಟೆ ಸುತ್ತಿ, ಹಸುಗೂಸನ್ನು ಎತ್ತುವಂತೆ ಎತ್ತಿದರು. “ನನ್ನ ಕಾಲು ಮುರಿದಾಗ ನೀನು ಹೀಗಾ ಎತ್ತಿದ್ದು?” ಎಂದು ಅಪ್ಪ ನನ್ನನ್ನು ಕೇಳಿದರು. ‘ಎದ್ದು ನಿಂತವರು’ ಗೋಡೆಗೆ ಒರಗಿ ನಿಂತೇ ಇದ್ದರು. ಈಗಲೂ ನಿಂತಿದ್ದಾರೆ, ಅವರ ಹಿಂದೆ ಪೊರಕೆ ಇಡುತ್ತೇವೆ.

ಪ್ರದರ್ಶನ ನೋಡಲು ನಾನು ಹೋದೆ. ಒಮ್ಮೆಯಲ್ಲ, ಹಲವು ಸಲ. ಬಿಳಿ ಗೋಡೆ. ಮೇಲಿನಿಂದ ಒಂದೇ ಒಂದು ದೀಪ. ಕೆಳಗೆ ಚೀಟಿಯಲ್ಲಿ, ಒಯ್ಯುವಾಗ ನಿಮ್ಮ ಕಾಗದಕ್ಕೆ ಸಹಿ ಹಾಕಿದ ಅಕ್ಕನ ಹೆಸರು. ಇಬ್ಬರು ಕಾಲೇಜು ಹುಡುಗಿಯರು ಬಂದು ನಿಂತರು. ಒಬ್ಬಳು, “ಆ ನೀಲಿ ನೋಡೇ, ಎಷ್ಟು ಒಂಟಿಯಾಗಿದೆ!” ಅಂದಳು. ಮಾನ್ಯರೇ, ಆ ನೀಲಿ ನನ್ನದು. ಹಲ್ಲಿನ ಆಸ್ಪತ್ರೆಯ ಬೋರ್ಡಿಗೆ ಹಿನ್ನೆಲೆ ತುಂಬಿದ ಮೇಲೆ ಬ್ರಶ್ ಒರೆಸಿದ್ದು ನಾನು. ಅದು ಒಂಟಿಯಾಗಿಲ್ಲ, ಪಕ್ಕದಲ್ಲೇ ಇಸ್ತ್ರಿಯಂಗಡಿಯ ಕೆಂಪಿದೆ. ಹೇಳಬೇಕೆನಿಸಿತು. ಹೇಳಿದ್ದರೆ ಅವರು ನಂಬುತ್ತಿದ್ದರೇ? ನಂಬಿದ್ದರೂ, “ನಾನು ಒರೆಸಿದ್ದು” ಎಂದು ಹೆಮ್ಮೆಪಡುವುದಕ್ಕೆ ನನ್ನ ಯಾವ ಕಿರುಹೊತ್ತಿಗೆ ಒಪ್ಪುತ್ತಿತ್ತು? ನನ್ನ ಕೈಯಿಂದ ಆದ ಒಳ್ಳೆಯ ಕೆಲಸ ನಾನು ನೋಡದೆ ಇದ್ದಾಗ ಆಯಿತಲ್ಲ ಎಂಬುದೇ ನನ್ನ ಉರಿ. ನಾನು ಕಣ್ಣಿಟ್ಟು ಬರೆದದ್ದನ್ನು ನೀವು ಬೇಡವೆಂದಿರಿ. ಕಣ್ಣು ತಪ್ಪಿಸಿ ಬಿದ್ದದ್ದಕ್ಕೆ ದೀಪ ಹಾಕಿದಿರಿ.

ಸರಿ, ನನ್ನ ಉರಿ ನನಗಿರಲಿ. ಅಕ್ಕನ ವಿಷಯಕ್ಕೆ ಬರುತ್ತೇನೆ. ಪತ್ರ ಬರೆಯುತ್ತಿರುವುದೇ ಅದಕ್ಕೆ.

ಉದ್ಘಾಟನೆಯ ದಿನ ನಿಮ್ಮ ಭಾಷಣಕಾರರೊಬ್ಬರು ಅಕ್ಕನ ಕೈಕುಲುಕಿ, “ಇದು ಅಪ್ರಜ್ಞಾಪೂರ್ವಕ ಸೌಂದರ್ಯ” ಅಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದಳು, “ಅಪ್ರಜ್ಞಾಪೂರ್ವಕ ಅಂದ್ರೇನೋ? ನೀನು ಓದ್ತಿರ್ತೀಯಲ್ಲ.”

“ಗೊತ್ತಿಲ್ಲದೆ ಮಾಡಿದ್ದು ಅಂತ.”

ಅವಳು, “ಹಾಗಾದ್ರೆ ಗೊತ್ತಾದ್ಮೇಲೆ?” ಅಂದಳು.

ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಉತ್ತರ ತೋಚುತ್ತದೆಯೇ? ಅಪ್ಪ ಹೇಳಿದಂತೆ ನಾವು ಹೊಸ ಹಲಗೆ ತೂಗುಹಾಕಿದೆವು. ಈಗ ಅಕ್ಕನ ಬ್ರಶ್ ಅದರ ಮುಂದೆ ಹೋಗಿ ಗಾಳಿಯಲ್ಲಿ ನಿಲ್ಲುತ್ತದೆ. ಎಲ್ಲಿ ಒರೆಸಲಿ ಎಂದು ನೋಡುತ್ತಾಳೆ. ಒರೆಸಿ, ಹಿಂದೆ ಸರಿದು ನೋಡುತ್ತಾಳೆ. ಒಂದು ದಿನ ನನ್ನನ್ನು ಕರೆದು, “ಈ ಹಸಿರು ಇಲ್ಲಿ ಸರಿಯಾಗಿದೆಯೇನೋ?” ಎಂದು ಕೇಳಿದಳು. ಅಳತೆಗೋಲಿಲ್ಲದೆ ಆಳೆತ್ತರದ ಅಕ್ಷರ ಬರೆದವಳು, ಯಾರ ಮಾತಿಗೂ ಕ್ಯಾರೇ ಅನ್ನದವಳು, ಒರೆಸಿದ್ದು ಸರಿಯೇ ಎಂದು ತಮ್ಮನನ್ನು ಕೇಳುತ್ತಾಳೆ! ಈಚೆಗೆ ಹಲಗೆಯ ಗೊಡವೆಯೇ ಬೇಡವೆಂದು ತನ್ನ ಹಳೇ ವೇಲಿಗೆ ಒರೆಸಿಕೊಳ್ಳುತ್ತಿದ್ದಾಳೆ. ಒರೆಸುವಾಗ ತಡೆದ ಕೈ ಅಕ್ಷರ ಬರೆಯುವಾಗಲೂ ತಡೆಯುತ್ತಿದೆ. ಔಷಧದಂಗಡಿಯವರು ಬಂದು, “ಏನಮ್ಮಾ, ಕಲಾವಿದೆ ಆದ್ಮೇಲೆ ನಮ್ಮ ಬೋರ್ಡು ಕಾಣ್ತಾ ಇಲ್ವಾ?” ಎಂದು ಚುಚ್ಚಿ ಹೋದರು. ಅವಳು ನಕ್ಕಳು. ಅವರು ಹೋದ ಮೇಲೆ ‘ಷ’ ಅಕ್ಷರವನ್ನು ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಆ ಅಕ್ಷರ ಇನ್ನೂ ಆಗಿಲ್ಲ. ಅವಳ ಕೈ ಹೋದರೆ ನಮ್ಮ ಅಂಗಡಿ ಹೋಯಿತು. ಅದು ಅಂಗಡಿಯ ಮಾತು. ಅವಳಿಗೆ ಹೋಗುವುದು ಅದಕ್ಕಿಂತ ದೊಡ್ಡದು. ಅದರ ಹೆಸರು ನನಗೆ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ನೀವು ಹಲಗೆಯನ್ನು ವಾಪಸು ಕಳಿಸುತ್ತೀರಿ. ಬಂದ ಮೇಲೆ ಏನು ಮಾಡಬೇಕು? ಒರೆಸಿದರೆ, ನೀವು ಕೈಗವಸು ಹಾಕಿ ಮುಟ್ಟಿದ್ದನ್ನು ಕೆಡಿಸಿದಂತೆ. ಒರೆಸದೆ ಗೋಡೆಗೆ ಹಾಕಿದರೆ, ಅದರ ಕೆಳಗೆ ಕೂತು ಅವಳು ಜನ್ಮದಲ್ಲಿ ನೆಟ್ಟಗೆ ಒಂದು ಗೆರೆ ಎಳೆಯಲಾರಳು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅಪ್ಪ ಮಾತ್ರ, “ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ? ತಿರುಗಿಸಿ ಹಾಕಿ. ಹಿಂಭಾಗ ಖಾಲಿ ಇದೆಯಲ್ಲ” ಅಂದರು. ಅಕ್ಕ ತಕ್ಷಣ, “ಹಿಂದೆ ಒರೆಸುವಾಗ ಮುಂಭಾಗ ಗೋಡೆಗೆ ಉಜ್ಜುತ್ತಲ್ಲಪ್ಪ” ಅಂದಳು. ಆ ಉತ್ತರ ಅಷ್ಟು ಬೇಗ ಬಂತು. ಅವಳಿಗೂ ಅದು ಹಲಗೆಯಾಗಿ ಉಳಿದಿಲ್ಲ.

ಈಗ ನಿಮ್ಮ ಕಟ್ಟಡದ ಬಗ್ಗೆ. ಮೇಲಿನ ಮಹಡಿಯಲ್ಲಿ ಕಾಯಂ ಸಂಗ್ರಹವಿದೆ. ಅಲ್ಲಿ ತಂಪು, ಮಂದ ಬೆಳಕು, ಚಿನ್ನದ ಚೌಕಟ್ಟು. ಒಮ್ಮೆ ಒಳಗೆ ಹೋದವರು ಹೊರಗೆ ಬರುವ ಮಾತೇ ಇಲ್ಲ. ಬಹುತೇಕರು ಸತ್ತಿದ್ದಾರೆ, ಬರುವುದಾದರೂ ಎಲ್ಲಿಂದ? ಕೆಳಗಿನ ಮಹಡಿ ತಾತ್ಕಾಲಿಕ. ಕೈಗಳಿಗೆ ಮೂರು ತಿಂಗಳು, ಆಮೇಲೆ ಗಾಜಿನ ಪ್ರದರ್ಶನಕ್ಕೆ ಮೂರು ತಿಂಗಳು, ಆಮೇಲೆ ಮತ್ತೇನೋ. ಕಾಯಂ ಮೇಲೆ, ಗುತ್ತಿಗೆ ಕೆಳಗೆ. ಕಾರ್ಖಾನೆಗಳ ಗೇಟಿನಲ್ಲಿ ‘ಗುತ್ತಿಗೆಯವರನ್ನು ಕಾಯಂ ಮಾಡಿ’ ಎಂದು ನಾವು ಕೂಗಿದ ಘೋಷಣೆ ನಿಮ್ಮ ಬಾಗಿಲ ಹೂಕುಂಡಗಳವರೆಗೆ ತಲುಪಲಿಲ್ಲವೇ? ಗುತ್ತಿಗೆಯವನನ್ನು ಕಳಿಸುವಾಗ ಅವನು ಬಂದಂತೆಯೇ ಹೋಗುತ್ತಾನೆಂದು ಮಾಲೀಕರು ನಂಬುತ್ತಾರೆ. ನೀವೂ ನಂಬಿದ್ದೀರಿ. ಹಲಗೆಯಿಂದ ಒಂದು ಚಕ್ಕೆ ಬಣ್ಣ ಉದುರದಂತೆ ನೋಡಿಕೊಂಡಿರಿ. ಒರೆಸುವ ಕೈಗೆ ಏನಾಯಿತೆಂದು ನೋಡಲು ನಿಮ್ಮಲ್ಲಿ ಯಾರನ್ನು ನೇಮಿಸಿದ್ದೀರಿ?

ಇನ್ನೊಂದು ಸಂಗತಿ ಹೇಳುತ್ತೇನೆ. ಕಳೆದ ವಾರ ಕೆಲಸದ ನಡುವೆಯೇ ಎದ್ದು ನಿಮ್ಮಲ್ಲಿಗೆ ಬಂದಿದ್ದೆ. ಹೆಬ್ಬೆರಳಿಗೆ ಹಳದಿ ಬಣ್ಣ ಮೆತ್ತಿತ್ತು, ಇನ್ನೂ ಹಸಿ. ಕಾವಲಿನವರು ಬಾಗಿಲ ಬಳಿ ಯಾರಿಗೋ ದಾರಿ ತೋರಿಸುತ್ತಿದ್ದರು. ಹಲಗೆಯ ಮುಂದೆ ನಾನೊಬ್ಬನೇ. ನನ್ನ ಜನ್ಮಸಿದ್ಧ ಹಲಗೆ, ಹುಡುಗನಾದಾಗಿನಿಂದ ಬೆರಳು ಒರೆಸಿದ್ದು ಅದಕ್ಕೇ. ಅದನ್ನು ಕಂಡರೆ ಈ ಊರಿನಲ್ಲಿ ನನ್ನಷ್ಟು ಉರಿಯುವವನು ಇನ್ನೊಬ್ಬನಿಲ್ಲ. ಆದರೂ ಕೈ ಏಳಲಿಲ್ಲ, ಮಾನ್ಯರೇ. ಯಾರೂ ಹತ್ತಿರ ಬಾರದಂತೆ ನೀವು ಅಡ್ಡ ಕಟ್ಟಿದ ಹಗ್ಗಕ್ಕೆ ಹೆದರಿ ಅಲ್ಲ. ಅದು ಚೆನ್ನಾಗಿತ್ತು. ಅಷ್ಟು ಸಲ ಹೋಗಿದ್ದರೂ ಅಂದು ಮೊದಲ ಬಾರಿಗೆ ನೋಡಿದೆ, ನೋಡಿದರೆ ಚೆನ್ನಾಗಿತ್ತು. ಬೆರಳನ್ನು ನನ್ನ ಪ್ಯಾಂಟಿಗೆ ಒರೆಸಿಕೊಂಡು ಆಚೆ ಬಂದೆ. ನಿಮ್ಮ ವಿಮರ್ಶಕರು ಏನೇ ಬರೆಯಲಿ, ಆ ಹಲಗೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ? ಶತ್ರುವಿನ ಸಾಕ್ಷಿ ಇದು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹಲಗೆಯನ್ನು ಕಳಿಸುವುದಾದರೆ ಅದರ ಜೊತೆ ನೀವೂ ಬನ್ನಿ. ಸಹಾಯಕರನ್ನು ಕಳಿಸಬೇಡಿ, ನೀವೇ ಬನ್ನಿ. ಅಪ್ಪ ಅದನ್ನು ಹಳೇ ಮೊಳೆಗೆ ತೂಗುಹಾಕುತ್ತಾರೆ. ಅಕ್ಕ ಒಂದು ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ನಿಮ್ಮ ಕೈಗೆ ಕೊಡುತ್ತಾಳೆ. ಅವಳ ಕಣ್ಣೆದುರಿಗೆ ನೀವು ಮೊದಲು ಒರೆಸಿ. ನಿಮ್ಮ ಕೈ ಮುಂದೆ ಹೋದರೆ ಅದು ಹಲಗೆ. ಅವಳೂ ಒರೆಸುತ್ತಾಳೆ, ಔಷಧದಂಗಡಿಯ ಬೋರ್ಡು ಆಗುತ್ತದೆ, ನಾನು ನಿಮ್ಮ ಕ್ಷಮೆ ಕೇಳಿ ಇದೇ ಪತ್ರಿಕೆಗೆ ಬರೆಯುತ್ತೇನೆ. ನಿಮ್ಮ ಕೈ ನಿಂತರೆ, ಗಾಡಿಯನ್ನು ತಿರುಗಿಸಿ. ಕೆಳಮಹಡಿ ಬೇಡ. ಮೇಲಕ್ಕೆ ಒಯ್ಯಿರಿ, ಕಾಯಂ ಮಾಡಿ, ಚೀಟಿಯಲ್ಲಿ ಅಕ್ಕನ ಹೆಸರೊಂದೇ ಇರಲಿ. ನನ್ನದನ್ನು ಸೇರಿಸಿ ಎಂದು ನಾನು ಕೇಳುವುದಿಲ್ಲ. ಕೇಳದೆ ಇರುವುದು ನನಗೆಷ್ಟು ಕಷ್ಟವೆಂದು ನಿಮಗೆ ಗೊತ್ತಾಗಲಿ ಎಂದಷ್ಟೇ ಇಲ್ಲಿ ಬರೆದಿದ್ದೇನೆ.

ನೀವು ಬರುವ ದಿನ ತಿಳಿಸಿ. ಬ್ರಶ್ ತೊಳೆದಿಟ್ಟಿರುತ್ತೇನೆ.

ಇಂತಿ,
ವಿಧೇಯನೂ ಅಲ್ಲದ, ವಿಶ್ವಾಸಿಯೂ ಅಲ್ಲದ,
ಬೀದಿಯಲ್ಲಿ ಈಗ ‘ಆ ಕಲಾವಿದೆಯ ತಮ್ಮ’ ಎನ್ನಿಸಿಕೊಂಡು ಓಡಾಡುತ್ತಿರುವ
ಒಬ್ಬ ಬೋರ್ಡ್ ಬರೆಯುವವ